ಸೆಲ್ಫು ಕೆಟ್ಟದ್ದು ಯಾರಿಂದ?

ನನ್ನಲ್ಲೊಂದು ಗುಣವಿದೆ. ಮನೆಯವರು ಅದನ್ನು ದುರ್ಗುಣ ಎನ್ನುತ್ತಾರೆ. ನಾನು ಮಾತ್ರ ಇತ್ತೀಚಿನವರೆಗೂ ಅದನ್ನು ಶಿಸ್ತು ಎಂದೇ ತಿಳಿದಿದ್ದೆ. ಏನಾದರೂ ಕೆಟ್ಟರೆ, ಒಡೆದರೆ, ಚೆಲ್ಲಿದರೆ ಉಳಿದವರು 'ಏನಾಯಿತು?' ಎಂದು ಕೇಳುತ್ತಾರೆ. ನಾನು 'ಯಾರು ಮಾಡಿದ್ದು?' ಎಂದು ಕೇಳುತ್ತೇನೆ. ಮಗಳು ಚಿಕ್ಕವಳಿದ್ದಾಗ ಅವಳಿಗೆ ಜ್ವರ ಬಂದರೆ, ಹೆಂಡತಿ ಸುಮತಿ ಥರ್ಮಾಮೀಟರು ಹುಡುಕುತ್ತಿದ್ದಳು, ನಾನು ಅವಳಿಗೆ ಐಸ್ ಗೋಲಾ ಕೊಡಿಸಿದವರನ್ನು ಹುಡುಕುತ್ತಿದ್ದೆ. ಒಮ್ಮೆ ನಾನು ಡಾಕ್ಟರ ಮುಂದೆಯೂ ಇದೇ ವಿಚಾರಣೆ ನಡೆಸುತ್ತಿದ್ದಾಗ ಅವರು ಪೆನ್ನು ಕೆಳಗಿಟ್ಟು, "ಹಾಗಾದರೆ ಔಷಧಿ ಯಾರಿಗೆ ಬರೆಯಲಿ, ಮಗುವಿಗೋ ಗೋಲಾ ಕೊಡಿಸಿದವರಿಗೋ?" ಎಂದು ಕೇಳಿದ್ದರು. ಆ ಸಲ ಮಗಳಿಗೆ ಬಂದಿದ್ದದ್ದು ದಡಾರ. ಗೋಲಾಕ್ಕೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ. ಆದರೂ ಗೋಲಾ ಕೊಡಿಸಿದ ನನ್ನ ಭಾವನ ಹತ್ತಿರ ನಾನು ಆರು ತಿಂಗಳು ಸರಿಯಾಗಿ ಮಾತಾಡಲಿಲ್ಲ. ಇಂಥ ಮನುಷ್ಯನ ಕೈಗೆ ಒಂದು ಹಳೆಯ ಲಾರಿಯನ್ನೂ ಅದಕ್ಕೊಬ್ಬ ಒಳ್ಳೆಯ ಡ್ರೈವರನ್ನೂ ಕೊಟ್ಟ ದೇವರಿಗೆ ಬೇರೆ ಕೆಲಸವಿರಲಿಲ್ಲ ಎಂದು ಕಾಣುತ್ತದೆ.

ನಾನು ಕುಂದಾಪುರದ ಕಡೆಯವನು. ಸೂರತ್ತಿನ ಅಡಾಜಣ್‌ನಲ್ಲಿ ನನ್ನದೊಂದು ಉಡುಪಿ ಹೋಟೆಲು ಇದೆ. ಹೋಟೆಲಿಗಿಂತ ಹೆಚ್ಚು ಹೆಸರು ತಂದದ್ದು ಮದುವೆ ಮನೆಗಳ ದೋಸೆ ಕೌಂಟರು. ಇಲ್ಲಿಯ ಮದುವೆಗಳಲ್ಲಿ ಪಂಜಾಬಿ, ಚೈನೀಸು, ಕಾಠಿಯಾವಾಡಿ ಎಂದು ಸಾಲಾಗಿ ಕೌಂಟರು ಹಾಕಿ, ಮೂಲೆಯಲ್ಲಿ ನಮ್ಮದನ್ನು ಇಡುತ್ತಾರೆ. ಸಾಂಬಾರಿಗೆ ಬೆಲ್ಲ ಸಾಲದು ಎಂದು ಮದುಮಗನ ಸೋದರಮಾವ ಬಂದು ಹೇಳುತ್ತಾನೆ, ನಾವು ತಲೆಯಾಡಿಸಿ ಹಾಕುತ್ತೇವೆ. ವಡೋದರಾ, ಅಹಮದಾಬಾದುಗಳಿಂದಲೂ ಕರೆ ಬರುತ್ತದೆ. ಎಲ್ಲಿಗೆ ಹೋದರೂ ಹಿಟ್ಟು ಮಾತ್ರ ಸೂರತ್ತಿನಲ್ಲಿ, ನಮ್ಮ ಹೋಟೆಲಿನ ಕಲ್ಲಿನಲ್ಲೇ ರುಬ್ಬಿದ್ದಾಗಿರಬೇಕು. ಬೇರೆಯವರ ಗ್ರೈಂಡರನ್ನು ನಾನು ನಂಬುವವನಲ್ಲ. ಹಾಗಾಗಿ ನಾಲ್ಕು ದೊಡ್ಡ ಸ್ಟೀಲ್ ಪಾತ್ರೆಗಳಲ್ಲಿ ಹಿಟ್ಟು ತುಂಬಿಕೊಂಡು ನಮ್ಮ ಹಳೆಯ ಲಾರಿ ಹೆದ್ದಾರಿ ಹತ್ತುತ್ತದೆ. ಲಾರಿ ಎಂದರೆ ಇಲ್ಲಿಯವರ ಭಾಷೆಯಲ್ಲಿ ತಳ್ಳುಗಾಡಿ. ಹೊಸದರಲ್ಲಿ ನಾನು 'ನನ್ನ ಹತ್ತಿರ ಒಂದು ಲಾರಿ ಇದೆ' ಎಂದರೆ ಜನ ಕನಿಕರದಿಂದ ನೋಡುತ್ತಿದ್ದರು.

ಲಾರಿಯನ್ನು ಇಪ್ಪತ್ತು ವರ್ಷ ಓಡಿಸಿದವರು ಭಿಖುಭಾಯಿ. ಸೌರಾಷ್ಟ್ರದವರು, ಸೂರತ್ತಿನ ವರಾಛಾದಲ್ಲಿ ಮನೆ. ನಮ್ಮ ಅಡುಗೆಯವರ ಜೊತೆ ಓಡಾಡಿ ಓಡಾಡಿ ಕುಂದಾಪುರದ ಕನ್ನಡ ಕಲಿತಿದ್ದರು. ಕಲಿತಿದ್ದರು ಎಂದರೆ ನಾಲ್ಕು ಮಾತಲ್ಲ; ನನ್ನ ಹತ್ತಿರ ಜಗಳವಾಡುವಷ್ಟು ಕಲಿತಿದ್ದರು. ಇಲ್ಲೇ ಹುಟ್ಟಿ ಬೆಳೆದ ನನ್ನ ಮಗಳು ಕನ್ನಡದಲ್ಲಿ 'ಊಟ ಆಯ್ತು', 'ಬೇಡ', 'ಪಪ್ಪಾ ಪ್ಲೀಸ್' ಇಷ್ಟನ್ನು ಹೇಳಿ ಗುಜರಾತಿಗೆ ಇಳಿಯುತ್ತಾಳೆ. ಸೂರತ್ತಿನಲ್ಲಿ ಸುಮತಿಯನ್ನು ಬಿಟ್ಟರೆ ನಾನು ಮನಸ್ಸು ಬಿಚ್ಚಿ ನಮ್ಮೂರಿನ ಕನ್ನಡ ಮಾತಾಡುತ್ತಿದ್ದದ್ದು ಭಿಖುಭಾಯಿಯ ಹತ್ತಿರವೇ. ಹೊರಡುವಾಗ 'ಹೋತೆ' ಎನ್ನಬಾರದು, 'ಹೋಯ್ ಬತ್ತೆ' ಎನ್ನಬೇಕು ಎಂದು ಅವರಿಗೆ ಕಲಿಸಿದವನು ನಾನು. "ನಮ್ಮಲ್ಲೂ ಹಾಂಗೇ ಶೇಠ್, ಹೋಪವರಿಗೆ ಆವಜೋ ಅಂತ್ರ್. ಮತ್ತೆ ಬನ್ನಿ ಅಂತ," ಎಂದು ಅವರು ಖುಷಿಪಟ್ಟಿದ್ದರು. ಆಮೇಲೆ ಒಂದು ದಿನವೂ ಅವರು ಅದನ್ನು ಮರೆತವರಲ್ಲ.

ಈಗ ನನ್ನ ಬುದ್ಧಿವಂತಿಕೆಯ ವಿಷಯಕ್ಕೆ ಬರುತ್ತೇನೆ. ಚಳಿಗಾಲದಲ್ಲಿ ಹಿಟ್ಟು ಹುದುಗು ಬರುವುದಿಲ್ಲ. ಇಲ್ಲಿ ಮದುವೆಗಳು ಕೂಡಿಬರುವುದೂ ಚಳಿಗಾಲದಲ್ಲೇ. ಹಲವು ವರ್ಷ ನಾನು ಪಾತ್ರೆಗಳಿಗೆ ಕಂಬಳಿ ಹೊದಿಸಿ, ಮಕ್ಕಳನ್ನು ಮಲಗಿಸಿದ ಹಾಗೆ ಮಲಗಿಸಿ ನೋಡಿದೆ. ಮೂರು ವರ್ಷದ ಹಿಂದೆ ಒಂದು ಉಪಾಯ ಹೊಳೆಯಿತು. ಲಾರಿಯ ಸಾಮಾನು ಹೇರುವ ಜಾಗದ ಮುಂಭಾಗ, ಡ್ರೈವರನ ಬೆನ್ನ ಹಿಂದೆ, ಇಂಜಿನ್ನಿನ ಕಾವು ಬರುತ್ತದೆ. ಅಲ್ಲಿಯ ತಗಡು ಕೀಳಿಸಿ, ಹಲಗೆಗಳ ನಡುವೆ ಸಂದು ಬಿಡಿಸಿ, ಅದರ ಮೇಲೆ ಪಾತ್ರೆಗಳನ್ನಿಟ್ಟೆ. ಸೂರತ್ತಿನಲ್ಲಿ ಪೆಚ್ಚಾಗಿ ಕೂತಿದ್ದ ಹಿಟ್ಟು ವಡೋದರಾ ತಲುಪುವ ಹೊತ್ತಿಗೆ ಮುಚ್ಚಳ ಎತ್ತುವಷ್ಟು ಉಬ್ಬಿರುತ್ತಿತ್ತು. ಈ ಸಂಶೋಧನೆಯನ್ನು ನಾನು ಊರಿನಿಂದ ಬಂದ ಹೋಟೆಲಿನವರಿಗೆಲ್ಲ ಲಾರಿ ಹತ್ತಿಸಿ ತೋರಿಸಿದ್ದೇನೆ. ಭಿಖುಭಾಯಿ ಒಬ್ಬರೇ ಮೊದಲ ದಿನ ಬಗ್ಗಿ ನೋಡಿ, "ಶೇಠ್, ಹಿಟ್ಟ್ ಉಕ್ಕತ್ತ್, ಕೆಳ್ಗ್ ಬೀಳತ್ತ್," ಎಂದರು. ಡ್ರೈವರಿಗೆ ಹಿಟ್ಟಿನ ವಿಷಯ ಏನು ಗೊತ್ತು ಎಂದು ನಾನು ಹೇಳಿದೆ. ಅವರು ಮತ್ತೆ ಆ ಮಾತು ಎತ್ತಲಿಲ್ಲ.

ಕಳೆದ ಡಿಸೆಂಬರಿನಲ್ಲಿ ವಡೋದರಾದ ಆಲ್ಕಾಪುರಿಯಲ್ಲಿ ಒಂದು ದೊಡ್ಡ ಮನೆಯ ಮದುವೆ. ಬೆಳಗಿನ ತಿಂಡಿಯಿಡೀ ನಮ್ಮದು. ಊರು ಇನ್ನು ಹತ್ತು ಹನ್ನೆರಡು ಕಿಲೋಮೀಟರು ಇದೆ ಎನ್ನುವಾಗ ಚಹಾಕ್ಕೆ ನಿಲ್ಲಿಸೋಣ ಎಂದವನು ನಾನು. ಚಹಾ ಕುಡಿದು ಬಂದು ಭಿಖುಭಾಯಿ ಕೀಲಿ ತಿರುಗಿಸಿದರೆ 'ಟಕ್' ಎಂದು ಒಂದು ಸದ್ದು ಬಂತು, ಅಷ್ಟೇ. ಮತ್ತೆ ತಿರುಗಿಸಿದರೆ ಮತ್ತೆ 'ಟಕ್'. ಇಂಜಿನ್ನು ಮಿಸುಕಲಿಲ್ಲ. ಅವರು ಹೆಡ್‌ಲೈಟು ಹಾಕಿ ನೋಡಿದರು, ಚೆನ್ನಾಗಿ ಉರಿಯಿತು. ಹಾರ್ನು ಒತ್ತಿದರು, ಕಿವಿ ಹರಿಯುವ ಹಾಗೆ ಕೂಗಿತು. "ಬ್ಯಾಟ್ರಿ ಸರಿ ಇತ್ತ್ ಶೇಠ್. ಸೆಲ್ಫೇ ಹೋದ್ದ್," ಎಂದರು. ಇಂಜಿನ್ನನ್ನು ಎಬ್ಬಿಸುವ ಆ ಸಣ್ಣ ಮೋಟಾರಿಗೆ ಲಾರಿಯವರು ಸೆಲ್ಫು ಎನ್ನುತ್ತಾರೆ. ಚಹಾದ ಅಂಗಡಿಯಲ್ಲಿದ್ದವರು, ದಾರಿಹೋಕರು, ಬೈಕಿನವರು ಎಲ್ಲ ಸೇರಿ, "ಶುಂ ಥಯುಂ? ಶುಂ ಥಯುಂ?" ಎಂದು ಕೇಳಿದರು. ಏನಾಯಿತು ಎಂದು ಇಡೀ ಹೆದ್ದಾರಿ ಕೇಳುತ್ತಿತ್ತು. ಕೇಳದವನು ನಾನೊಬ್ಬನೇ.

ತಳ್ಳಲು ಜನ ಸೇರಿದರು. ರಸ್ತೆ ಏರು, ಲಾರಿ ತುಂಬ ಸಾಮಾನು. ಒಂದು ಗಂಟೆ ಒದ್ದಾಡಿ, ಅರ್ಧ ಸಾಮಾನು ಇಳಿಸಿ, ಕೊನೆಗೆ ತಳ್ಳಿದ್ದಕ್ಕೆ ಇಂಜಿನ್ನು ಎದ್ದಿತು. ಆಲ್ಕಾಪುರಿ ಮುಟ್ಟುವಾಗ ಮದುವೆ ಮನೆಯವರು ತಿಂಡಿಗೆ ಎಲ್ಲಿಂದಲೋ ಫಾಫಡಾ ತರಿಸಿ ಮುಗಿಸಿದ್ದರು. ಹಿಟ್ಟು ಹುಳಿಯಾಗಿ ಪಾತ್ರೆಯಿಂದ ಇಳಿದು ಲಾರಿಯ ಹಲಗೆಯನ್ನೆಲ್ಲ ಮೆತ್ತಿತ್ತು. ಹುಡುಗಿಯ ಅಪ್ಪ ನನಗೆ ಬೈಯಲಿಲ್ಲ. ಕೈ ಮುಗಿದು, "ನೀವು ಇನ್ನು ಹೊರಡಿ," ಎಂದರು. ಬೈದಿದ್ದರೆ ನಾನು ಅಲ್ಲಿಗೇ ಹಗುರಾಗುತ್ತಿದ್ದೆನೋ ಏನೋ. ಬೈಸಿಕೊಳ್ಳದೆ ಉಳಿದುಹೋದ ಅದನ್ನೆಲ್ಲ ನಾನು ಗೇಟಿನ ಹತ್ತಿರ ನಿಂತಿದ್ದ ಭಿಖುಭಾಯಿಯ ಮೇಲೆ ಸುರಿದೆ.

ಕೀಲಿಯನ್ನು ಹಿಡಿದು ಹಿಡಿದು ತಿರುಗಿಸಿ ಸೆಲ್ಫು ಸುಟ್ಟಿರಿ ಎಂದೆ. ವಯಸ್ಸಾಯಿತು, ಕೈ ನಡುಗುತ್ತದೆ ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ನವರಾತ್ರಿಗೆ ಮೊದಲು ಒಂದು ದಿನ ಅವರು ನನ್ನನ್ನು ಕೇಳದೆ ಲಾರಿಯನ್ನು ವರಾಛಾದ ಯಾವುದೋ ಗ್ಯಾರೇಜಿಗೆ ಒಯ್ದಿದ್ದು ನೆನಪಾಯಿತು. ಯಾಕೆ ಎಂದು ಆಗ ಕೇಳಿದ್ದಕ್ಕೆ 'ಸಣ್ಣ ಕೆಲ್ಸ' ಎಂದಿದ್ದರು. ಎರಡೂ ಸೇರಿ ನನ್ನ ತಲೆಯಲ್ಲಿ ಲೆಕ್ಕ ಸರಿಹೋಯಿತು. "ಒಳ್ಳೆಯ ಸೆಲ್ಫು ಬಿಚ್ಚಿ ಮಾರಿ, ಗುಜರಿ ಸೆಲ್ಫು ಹಾಕಿಸಿದ್ದೀರಿ, ಅಲ್ಲವೇ?" ಎಂದು ಕೇಳಿಯೇ ಬಿಟ್ಟೆ. ಕನ್ನಡದಲ್ಲೇ ಕೇಳಿದೆ. ನಮ್ಮ ಆರು ಜನ ಅಡುಗೆಯವರಿಗೂ ಅರ್ಥವಾಗುವ ಹಾಗೆ, ಗಟ್ಟಿಯಾಗಿ.

ಭಿಖುಭಾಯಿಯ ಮುಖದಲ್ಲಿ ಸಿಟ್ಟು ಕಂಡಿದ್ದರೆ ನನಗೆ ಧೈರ್ಯವಿರುತ್ತಿತ್ತು. ಅವರು ಜೇಬಿನಿಂದ ಲಾರಿಯ ಇನ್ನೊಂದು ಕೀಲಿಯನ್ನೂ ತೆಗೆದು, ಎರಡನ್ನೂ ಹಿಟ್ಟಿನ ಪಾತ್ರೆಯ ಮುಚ್ಚಳದ ಮೇಲಿಟ್ಟು, "ಶೇಠ್, ನಾ ಹೋತೆ," ಎಂದು ಸ್ಟೇಷನ್ನಿನ ಕಡೆ ನಡೆದರು. 'ಬತ್ತೆ' ಎನ್ನಲಿಲ್ಲ. ನಾನು ಅದನ್ನು ಗಮನಿಸಿದೆ, ಗಮನಿಸಿಯೂ ಕೂಗಿ ಕರೆಯಲಿಲ್ಲ. ಅಡುಗೆಯವರು ಬಾಣಲೆ ತೊಳೆಯುವುದರಲ್ಲಿ ತುಂಬ ಆಸಕ್ತಿ ತೋರಿಸಿದರು.

ಅಡುಗೆಯವರಿಂದ ತಳ್ಳಿಸಿ ಎಬ್ಬಿಸಿ, ಲಾರಿಯನ್ನು ನಾನೇ ಓಡಿಸಿಕೊಂಡು ಬಂದೆ. ಇಂಜಿನ್ನು ನಿಂತರೆ ಮತ್ತೆ ಏಳುವುದಿಲ್ಲವಾದ್ದರಿಂದ ಎಲ್ಲೂ ನಿಲ್ಲಿಸುವಂತಿರಲಿಲ್ಲ. ಐವತ್ತೆಂಟು ವಯಸ್ಸಿನ ಸಕ್ಕರೆ ಕಾಯಿಲೆಯ ಮನುಷ್ಯ ಮೂರೂವರೆ ಗಂಟೆ ಎಲ್ಲೂ ನಿಲ್ಲಿಸದೆ ಲಾರಿ ಓಡಿಸುವುದು ಎಂದರೆ ಏನು ಎಂದು ವಿವರಿಸುವುದು ಸಭ್ಯತೆಯಲ್ಲ. ಆ ದಾರಿಯುದ್ದಕ್ಕೂ ನನಗೆ ಭಿಖುಭಾಯಿಯ ಮೇಲೆ ಸಿಟ್ಟು ಹೆಚ್ಚುತ್ತಲೇ ಹೋಯಿತು. ಅದಕ್ಕೆ ಅರ್ಧ ಕಾರಣ ಸೆಲ್ಫು ಅಲ್ಲವೇ ಅಲ್ಲ.

ಮುಂದಿನ ಹದಿನೈದು ದಿನ ನಾನೇ ಮೆಕ್ಯಾನಿಕ್ಕು. ಮೊಬೈಲಿನಲ್ಲಿ ಯಾರೋ ಹೇಳಿಕೊಟ್ಟದ್ದನ್ನು ನೋಡಿ ಬ್ಯಾಟರಿಯ ತಂತಿಗಳನ್ನು ಬಿಸಿನೀರು ಹಾಕಿ ಉಜ್ಜಿದೆ. 'ಟಕ್'. ಸರಿಯಾಗಿಯೇ ಇದ್ದ ಬ್ಯಾಟರಿಯನ್ನು ಬದಲಾಯಿಸಿದೆ. ಹೊಸ ಬ್ಯಾಟರಿಗೆ ಸದ್ದು ಇನ್ನೂ ಸ್ಪಷ್ಟವಾಗಿ ಕೇಳಿಸಿತು. ಕೀಲಿ ಹಾಕುವ ಸ್ವಿಚ್ಚು ಬದಲಾಯಿಸಿದೆ. ಆಮೇಲೆ ಪಕ್ಕದ ಟೈರ್ ಅಂಗಡಿಯವನು, ಕೆಳಗೆ ನುಗ್ಗಿ ಸೆಲ್ಫಿಗೆ ಸ್ಪ್ಯಾನರಿನಿಂದ ಎರಡು ಏಟು ಕೊಡಿ, ಒಳಗೆ ಕಚ್ಚಿಕೊಂಡದ್ದು ಬಿಡುತ್ತದೆ ಎಂದ. ಕೊಟ್ಟೆ. ನನ್ನ ಆಶ್ಚರ್ಯಕ್ಕೆ ಇಂಜಿನ್ನು ಎದ್ದಿತು! ನಾನು ಲಾರಿಯ ಕೆಳಗಿನಿಂದ ಎದ್ದು ಬಂದ ಗತ್ತು ನೋಡಿ ಹೋಟೆಲಿನ ಗಿರಾಕಿಗಳು ಚಪ್ಪಾಳೆ ತಟ್ಟಿದರು. ಎಂಟು ದಿನ ಹಾಗೇ ನಡೆಯಿತು. ದಿನಾ ಬೆಳಿಗ್ಗೆ ಬಿಳಿ ಪಂಚೆ ಎತ್ತಿ ಕಟ್ಟಿ ನಾನು ಕೆಳಗೆ ತೂರುವುದು, ಹೊಡೆಯುವುದು, ಮೇಲೆ ಅಡುಗೆಯವನು ಕೀಲಿ ತಿರುಗಿಸುವುದು. ಒಂಬತ್ತನೆಯ ದಿನ ಎಷ್ಟು ಬಡಿದರೂ ಅದು ಏಳಲಿಲ್ಲ. ಪಂಚೆಗಳು ಮಾತ್ರ ಒಂದೂ ಮತ್ತೆ ಬೆಳ್ಳಗಾಗಲಿಲ್ಲ.

"ಹ್ವಾಯ್, ಭಿಖುಭಾಯಿಗೆ ಒಂದ್ ಫೋನ್ ಮಾಡಿ. ಗಾಡಿಗ್ ಎಂತ ಆಯ್ತ್ ಅಂತ ಅವ್ರಿಗೇ ಗೊತ್ತಿಪ್ಪುದ್," ಎಂದಳು ಸುಮತಿ.

"ಗೊತ್ತಿಲ್ಲದೆ ಏನು? ಮಾಡಿದವನಿಗೆ ಗೊತ್ತಿರುವುದಿಲ್ಲವೇ?" ಎಂದೆ.

ಆ ದಿನದಿಂದ ನನ್ನ ಚಹಾ ಮೇಜಿಗೆ ಬರುವುದು ನಿಂತು, ಅಡುಗೆಮನೆಯ ಕಟ್ಟೆಯ ಮೇಲೆ ತಣಿಯುತ್ತಾ ಕೂತಿರತೊಡಗಿತು.

ಕೊನೆಗೆ ನಾನು ಲಾರಿಯನ್ನು ತಳ್ಳಿಸಿ ಎಬ್ಬಿಸಿಕೊಂಡು ವರಾಛಾದ ಆ ಗ್ಯಾರೇಜನ್ನೇ ಹುಡುಕಿಕೊಂಡು ಹೋದೆ. ರಿಪೇರಿ ನೆವ, ಕಳ್ಳತನ ಹಿಡಿಯಬೇಕು ಎಂಬುದೇ ಉದ್ದೇಶ. ಸಲೀಂಭಾಯಿ ಎಂಬವರು ಅಲ್ಲಿಯ ಇಲೆಕ್ಟ್ರಿಕ್ ಮಿಸ್ತ್ರಿ. ಲಾರಿಗಳ ಸೆಲ್ಫು, ಡೈನಮೋಗಳನ್ನೇ ಬಿಚ್ಚಿ ಬಿಚ್ಚಿ ಬೆರಳುಗಳೆಲ್ಲ ಕಪ್ಪಾದವರು. ಕೆಳಗೆ ಮಲಗಿ ಬೋಲ್ಟುಗಳನ್ನು ಬಿಚ್ಚಿ, ಸೆಲ್ಫನ್ನು ಎರಡೂ ಕೈಯಲ್ಲಿ ಎತ್ತಿ ತಂದು ಬೆಂಚಿನ ಮೇಲಿಟ್ಟರು. "ಇದು ಈ ಗಾಡಿಯ ಸೆಲ್ಫಲ್ಲ, ಅಲ್ಲವೇ? ಯಾರೋ ಬದಲಾಯಿಸಿದ್ದಾರೆ," ಎಂದು ನಾನು ಹಿಂದಿಯಲ್ಲಿ ಪೀಠಿಕೆ ಹಾಕಿದೆ. ಅವರು ಚಿಂದಿಯಿಂದ ಅದರ ಮೈ ಒರೆಸಿ, ಕೆತ್ತಿದ್ದ ಗುರುತು ತೋರಿಸಿದರು. ಲಾರಿ ಕೊಂಡ ವರ್ಷ ನಾನೇ ಉಳಿಯಿಂದ ಕೆತ್ತಿಸಿದ್ದ ನನ್ನ ಹೆಸರಿನ ಮೊದಲಕ್ಷರ. ಕನ್ನಡದ 'ಗ'. ವರಾಛಾದಲ್ಲಿ ಅದನ್ನು ನಕಲು ಮಾಡುವವರು ಯಾರೂ ಇಲ್ಲ.

ಅವರು ಸೆಲ್ಫಿನ ಹಿಂದಿನ ಮುಚ್ಚಳ ಬಿಚ್ಚಿದರು. ಒಳಗೆಲ್ಲ ಒಣಗಿದ ಸುಣ್ಣದಂಥ ಬಿಳಿಯ ಹಕ್ಕಳೆ, ಅಲ್ಲಲ್ಲಿ ತಾಮ್ರದ ಕಿಲುಬು. ಮೋಟಾರಿಗೆ ಕರೆಂಟು ಮುಟ್ಟಿಸುವ ಕಾರ್ಬನ್ ತುಂಡುಗಳು ತಮ್ಮ ಗೂಡಿನಲ್ಲಿ ಅಂಟಿ ಕೂತಿದ್ದವು. ಸಲೀಂಭಾಯಿ ಉಗುರಿನಿಂದ ಸ್ವಲ್ಪ ಕೆರೆದು ಮೂಸಿ, ನನ್ನ ಮೂಗಿನ ಹತ್ತಿರವೂ ಹಿಡಿದರು. ಮೂಸುವ ಅಗತ್ಯವೇ ಇರಲಿಲ್ಲ. ನಲವತ್ತು ವರ್ಷದಿಂದ ಬೆಳಿಗ್ಗೆ ಎದ್ದ ಕೂಡಲೇ ನಾನು ಉಸಿರಾಡುವ ವಾಸನೆ ಅದು. ಉದ್ದು, ಅಕ್ಕಿ, ಹುಳಿ.

"ಶೇಠ್, ಇದರಲ್ಲಿ ಢೋಸಾ ಮಾಡುತ್ತೀರಾ?" ಎಂದು ಅವರು ನಕ್ಕರು. ಆಮೇಲೆ ಹೇಳಿದರು, "ನವರಾತ್ರಿಗೆ ಮೊದಲೂ ಹೀಗೇ ಇತ್ತು. ಭಿಖುಭಾಯಿ ತಂದಿದ್ದರು, ನಾನೇ ತೊಳೆದು ಸರಿಮಾಡಿದ್ದೆ. ಮೇಲಿನಿಂದ ಬೀಳುತ್ತದೆ, ನಿಮ್ಮ ಶೇಠ್‌ಗೆ ಹೇಳಿ ಜಾಗ ಬದಲಾಯಿಸಿ ಅಂದೆ. ಅವರು, ಬೇಡ, ಶೇಠ್‌ಗೆ ಆ ಜಾಗದ ಮೇಲೆ ಬಹಳ ಅಭಿಮಾನ, ನೊಂದುಕೊಳ್ಳುತ್ತಾರೆ ಅಂದರು. ಟ್ಯೂಬಿನ ರಬ್ಬರು ಕತ್ತರಿಸಿ ಸೆಲ್ಫಿನ ಮೇಲೆ ಕೊಡೆಯ ಹಾಗೆ ಕಟ್ಟಿಸಿಕೊಂಡು ಹೋದರು. ಎಲ್ಲಿ ಆ ರಬ್ಬರು?"

ರಬ್ಬರು ಎಲ್ಲಿ ಎಂಬುದು ನನಗೆ ಗೊತ್ತಿತ್ತು. ಆಯುಧಪೂಜೆಗೆ ಲಾರಿ ತೊಳೆಯುವ ಕೆಲಸವನ್ನು ನಾನು ಬೇರೆಯವರಿಗೆ ಬಿಡುವುದಿಲ್ಲ. ಊರಿನಲ್ಲಿ ಅಪ್ಪ ಹಾಗೇ ಮಾಡುತ್ತಿದ್ದರು. ಒನಕೆಯಿಂದ ಹಿಡಿದು ಕತ್ತಿಯ ತನಕ ಎಲ್ಲವನ್ನೂ ಯಜಮಾನನೇ ತೊಳೆಯಬೇಕು. ಈ ಸಲವೂ ಪೈಪು ಹಿಡಿದು ಲಾರಿಯನ್ನು ಮೇಲೆ ಕೆಳಗೆ ತೊಳೆದೆ. ಕೆಳಗೆ ತಂತಿಯಲ್ಲಿ ಕಟ್ಟಿದ್ದ ಕೊಳಕು ರಬ್ಬರು ಕಂಡಿತು. 'ಇದನ್ನು ಇಲ್ಲಿ ಕಟ್ಟಿದವರು ಯಾರು?' ಎಂದು ಗದರಿದೆ. ಹೌದು, ಆಗಲೂ ಅದೇ ಪ್ರಶ್ನೆ. ಭಿಖುಭಾಯಿ ಹಣ್ಣುಕಾಯಿ ತರಲು ಹೋಗಿದ್ದರು, ಉತ್ತರ ಹೇಳುವವರಿರಲಿಲ್ಲ. ಕಿತ್ತು ಕಸಕ್ಕೆ ಎಸೆದೆ. ಆಮೇಲೆ ಸ್ವಚ್ಛವಾದ ಇಂಜಿನ್ನಿಗೆ ಗಂಧ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಇನ್ನೊಂದು ವರ್ಷ ಕೈಕೊಡದೆ ಕಾಪಾಡು ಎಂದು ಬೇಡಿಕೊಂಡೆ. ಎರಡೂವರೆ ತಿಂಗಳು ಹಿಟ್ಟು ಹನಿ ಹನಿಯಾಗಿ ಬಿದ್ದಿತು.

ಸಲೀಂಭಾಯಿ ಪೆಟ್ರೋಲಿನಲ್ಲಿ ಎಲ್ಲವನ್ನೂ ತೊಳೆದು, ಹೊಸ ಕಾರ್ಬನ್ ಹಾಕಿ, ಬುಷ್ ಬದಲಾಯಿಸಿ, ಸಂಜೆಯೊಳಗೆ ಜೋಡಿಸಿಕೊಟ್ಟರು. ಕೀಲಿ ಮುಟ್ಟುವುದೇ ತಡ, ಇಂಜಿನ್ನು ಎದ್ದಿತು. ನನಗೆ ನಾಚಿಕೆಯಾಯಿತು. ಬೇರೆ ಮಾತು ಹುಡುಕುವುದು ಬೇಡ, ನಾಚಿಕೆಯೇ ಆಯಿತು.

ಭಿಖುಭಾಯಿಯ ಮನೆ ಅಲ್ಲಿಂದ ಐದು ನಿಮಿಷದ ದಾರಿ. ಆ ಐದು ನಿಮಿಷ ನಡೆಯಲು ನನಗೆ ಮತ್ತೆ ಎರಡು ವಾರ ಬೇಕಾಯಿತು. ಸುಮತಿ ನೀರುದೋಸೆ, ಕಾಯಿಚಟ್ನಿ ಡಬ್ಬಿಗೆ ತುಂಬಿ ಕೈಗೆ ಕೊಟ್ಟು, "ಎಲ್ಲ ಹೇಳಿಯೇ ಬನ್ನಿ," ಎಂದಳು. ಹೋದರೆ ಅವರು ಮನೆಯಲ್ಲಿರಲಿಲ್ಲ. ಹತ್ತಿರದ ವಜ್ರ ಉಜ್ಜುವ ಕಾರ್ಖಾನೆಯೊಂದರಲ್ಲಿ ಬಾಗಿಲು ಕಾಯುವ ಕೆಲಸಕ್ಕೆ ಸೇರಿದ್ದಾರೆ ಎಂದು ಅವರ ಸೊಸೆ ದಾರಿ ತೋರಿಸಿದಳು. ಮಧ್ಯಾಹ್ನದ ಊಟಕ್ಕೆ ಕೆಲಸಗಾರರು ಹೊರಗೆ ಬರುವ ಹೊತ್ತು. ಭಿಖುಭಾಯಿ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಜೇಬು, ಕಾಲರು, ಚಪ್ಪಲಿ ನೋಡಿ ನೋಡಿ ಬಿಡುತ್ತಿದ್ದರು. ನಾನು ಕಳ್ಳ ಎಂದು ಕರೆದ ಮನುಷ್ಯನನ್ನು ನಂಬಿ ಮಾಲೀಕರು ಇಡೀ ಕಾರ್ಖಾನೆಯ ವಜ್ರ ಬಿಟ್ಟಿದ್ದರು.

ನನ್ನನ್ನು ಕಂಡು ಸ್ಟೂಲು ಎಳೆದು ಕೂರಿಸಿದರು. ಸುಮತಿಬೆನ್ ಹೇಗಿದ್ದಾರೆ, ಮಗಳ ಪರೀಕ್ಷೆ ಹೇಗಾಯಿತು, ಎಲ್ಲ ಕೇಳಿದರು. ಡಬ್ಬಿ ತೆಗೆದುಕೊಂಡು, ಮುಚ್ಚಳ ಸ್ವಲ್ಪ ಸರಿಸಿ ನೋಡಿ, ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ, "ಗಾಡಿ ಸರಿ ಆಯ್ತಾ ಶೇಠ್?" ಎಂದರು.

"ಆಯ್ತು."

"ಎಂತ ಆಗಿತ್ತ್?"

ಇದಕ್ಕೇ ನಾನು ಬಂದದ್ದು. ಎರಡು ವಾರ ಇದೇ ಮಾತನ್ನು ಬಾಯಿಪಾಠ ಮಾಡಿದ್ದೆ. ಹಿಟ್ಟು ಬಿದ್ದದ್ದು, ರಬ್ಬರು ಕಿತ್ತದ್ದು, ಆಲ್ಕಾಪುರಿಯಲ್ಲಿ ಆರು ಜನರ ಮುಂದೆ ಅಂದದ್ದು, ಎಲ್ಲವೂ ಸಾಲಾಗಿ ನಾಲಿಗೆಯ ತುದಿಯಲ್ಲಿತ್ತು. "ಕಾರ್ಬನ್ ಸವೆದಿತ್ತು ಭಿಖುಭಾಯಿ. ಹಳೆಯ ಗಾಡಿಯಲ್ಲವೇ," ಎಂದುಬಿಟ್ಟೆ. ಜೀವಮಾನದಲ್ಲಿ ಮೊದಲ ಸಲ ನಾನು ಏನಾಯಿತು ಎಂದಷ್ಟೇ ಹೇಳಿ, ಯಾರಿಂದ ಆಯಿತು ಎಂಬುದನ್ನು ಬಿಟ್ಟುಬಿಟ್ಟೆ.

ಅವರು ತಲೆಯಾಡಿಸಿದರು. ಕೊನೆಯ ಕೆಲಸಗಾರನ ಜೇಬು ತಟ್ಟಿ ನೋಡಿ ಕಳಿಸಿ, ನನ್ನ ಮುಖ ನೋಡದೆ, "ಹಿಟ್ಟ್ ಈಗ ಎಲ್ಲಿ ಇಡ್ತ್ರಿ?" ಎಂದು ಕೇಳಿದರು.

"ಹಿಂದೆ," ಎಂದೆ.

"ಒಳ್ಳೇದ್ ಆಯ್ತ್," ಎಂದರು.

ವಾಪಸು ಕೆಲಸಕ್ಕೆ ಬನ್ನಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಬರುತ್ತೇನೆ ಎಂದು ಅವರೂ ಹೇಳಲಿಲ್ಲ. ಹೊರಡುವಾಗ ಎದ್ದು ನಿಂತು ಕೈ ಮುಗಿದು, "ಆವಜೋ, ಶೇಠ್," ಎಂದರು. ಆ ಬಾಗಿಲಿನಿಂದ ಹೊರಗೆ ಹೋಗುವ ಎಲ್ಲರಿಗೂ ಅವರು ಹೇಳುವ ಮಾತು ಅದು. ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ಗುಜರಾತಿಯಲ್ಲಿ ಬೀಳ್ಕೊಂಡದ್ದು ಅದೇ ಮೊದಲು.

ಈಗ ಲಾರಿಗೆ ಬೇರೆ ಡ್ರೈವರು ಇದ್ದಾನೆ. ಒಳ್ಳೆಯವನೇ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತಾನೆ. ಹಿಟ್ಟಿನ ಪಾತ್ರೆಗಳು ಹಿಂದಿನ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿರುತ್ತವೆ. ಹಿಟ್ಟು ಚಳಿಗೆ ಉಬ್ಬುವುದಿಲ್ಲ, ಇಡ್ಲಿ ಕಲ್ಲಿನ ಹಾಗೆ ಆಗುತ್ತದೆ, ಅಹಮದಾಬಾದಿನವರು ಸಾಂಬಾರಿನ ಬೆಲ್ಲದ ಬಲದಿಂದ ಅದನ್ನೂ ತಿನ್ನುತ್ತಾರೆ. ಸೆಲ್ಫು ದಿನವೂ ಒಂದೇ ಸಲಕ್ಕೆ ಹೊಡೆಯುತ್ತದೆ. ಆ ದಿನ ಮನೆಗೆ ಬಂದ ಕೂಡಲೇ ಸುಮತಿ, "ಎಲ್ಲ ಹೇಳಿದ್ರ್ಯಾ?" ಎಂದು ಕೇಳಿದಳು, "ಹೇಳಿದೆ," ಎಂದೆ. ಮರುದಿನದಿಂದ ಚಹಾ ಮತ್ತೆ ಮೇಜಿಗೆ ಬರತೊಡಗಿತು. ಪ್ರತಿದಿನ ಅದನ್ನು ಕುಡಿಯುವುದು ಕಷ್ಟವಾಗಿದೆ.

ಹಾಗಾಗಿ ಇವತ್ತು ಏನನ್ನೂ ಮುಚ್ಚಿಡದೆ, ಯಾರಿಂದ ಆಯಿತು ಎಂಬುದನ್ನೂ ಬಿಡದೆ, ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಇಷ್ಟು ಧೈರ್ಯ ಎಲ್ಲಿಂದ ಬಂತು ಎಂದು ನೀವು ಮೆಚ್ಚುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಭಿಖುಭಾಯಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಒಂದಕ್ಷರವೂ ಬರುವುದಿಲ್ಲ. ಬರೆಯಲು ಕೂರುವ ಮೊದಲು ನಾನು ಯೋಚಿಸಿ ಖಾತ್ರಿ ಮಾಡಿಕೊಂಡದ್ದು ಅದೊಂದನ್ನೇ.